ಹಳೆಯ ಜಾವಾ, ಯೆಜ್ಡಿಗಳ ಕಿಡಿ ದೋಷ: ಪತ್ತೆ ಮತ್ತು ಪರಿಹಾರ

ಕೊಳೆ ಔಷಧಿ ಹೊಡೆಯುವ ಕಾಲ ಬಂತೆಂದರೆ ನಮ್ಮ ಸದಸ್ಯರಲ್ಲಿ ಹಲವರ ಮನೆಯ ಕೊಟ್ಟಿಗೆಯಿಂದ ಹಳೆಯ ಜಾವಾ ಅಥವಾ ಯೆಜ್ಡಿ ಮೋಟಾರು ಸೈಕಲ್ಲು ಹೊರಬರುತ್ತದೆ. ಮೈಲುತುತ್ತದ ಚೀಲ, ಸುಣ್ಣ, ದೋಟಿಗೆ ಬೇಕಾದ ಸಾಮಾನು, ಕೆಲವೊಮ್ಮೆ ಜ್ವರ ಬಂದ ಆಳನ್ನು ಆಸ್ಪತ್ರೆಗೆ ಒಯ್ಯುವ ಹೊಣೆ, ಎಲ್ಲವೂ ಅದರದೇ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರ ಸುಮಾರಿಗೆ ತಯಾರಿಸಲು ತೊಡಗಿದ ಈ ಗಾಡಿಗಳು 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆದವು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಘಾಟಿ ಏರುತ್ತಿವೆ. ಏರದೆ ನಿಂತಾಗ ಏನು ಮಾಡಬೇಕೆಂಬುದೇ ಈ ಲೇಖನದ ವಿಷಯ.

ನಮ್ಮ ಸಂಘದ ಸದಸ್ಯರೊಬ್ಬರ ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತ. ಅವರ ತಂದೆಯ ಕಾಲದ ಜಾವಾ ಬೆಳಿಗ್ಗೆ ಒಂದೇ ಕಿಕ್ಕಿಗೆ ಎದ್ದು, ಎಂಟು ಹತ್ತು ಕಿಲೋಮೀಟರು ಹೋದ ಮೇಲೆ ಮುಗ್ಗರಿಸಿ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಏಳುತ್ತಿತ್ತು. ಪೇಟೆಯ ಗ್ಯಾರೇಜೊಂದರಲ್ಲಿ ಮೊದಲು ಪ್ಲಗ್ಗು, ನಂತರ ಕಾರ್ಬುರೇಟರು, ಕೊನೆಗೆ ಬೋರು ಹೊಡೆಸಿ ಪಿಸ್ಟನ್ನೂ ಹೊಸದಾಯಿತು. ಬಿಲ್ಲು ಐದಂಕಿಗೆ ಏರಿತು, ಗಾಡಿ ಹತ್ತನೆಯ ಕಿಲೋಮೀಟರಿಗೇ ನಿಂತಿತು. ಗುಜರಿಯವನೊಡನೆ ದರದ ಮಾತೂ ಆಗಿತ್ತು. ಅಷ್ಟರಲ್ಲಿ ಬೆಂಗಳೂರಿನ ಬಾಗಲಗುಂಟೆಯಲ್ಲಿರುವ ಅವರ ಮಗ, ಅಜ್ಜನ ಗಾಡಿ ಗುಜರಿಗೆ ಬೇಡವೆಂದು ಅದನ್ನು ಲಾರಿಯಲ್ಲಿ ತರಿಸಿಕೊಂಡ.

ಬಾಗಲಗುಂಟೆಯೆಂದರೆ ತುಮಕೂರು ರಸ್ತೆಯಿಂದ ಹೆಸರಘಟ್ಟದ ಕಡೆ ತಿರುಗಿದರೆ ಸಿಗುವ ಊರು, ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ನೆರೆ. ಯಂತ್ರದ ಕೆಲಸ ಬಲ್ಲ ಹಳಬರು ಆ ಸುತ್ತಿನಲ್ಲಿ ಇನ್ನೂ ಇದ್ದಾರೆ. ಕಾರ್ಖಾನೆಯಿಂದ ನಿವೃತ್ತರಾದ ಅಂಥ ಒಬ್ಬರು, "ಸ್ವಾಮಿ, ಮೊದಲು ಮುಚ್ಚಳ ತೆಗೆದು ನೋಡೋಣ, ಸಾಮಾನಿನ ಮಾತು ಆಮೇಲೆ" ಎಂದರಂತೆ. ಕತ್ತಲಾದ ಮೇಲೆ ಬಲಬದಿಯ ಮುಚ್ಚಳ ತೆಗೆದು, ಇಂಜಿನು ಚೆನ್ನಾಗಿ ಕಾಯುವವರೆಗೆ ಓಡಿಸಿ, ಪಾಯಿಂಟುಗಳನ್ನೇ ದಿಟ್ಟಿಸುತ್ತ ಕುಳಿತರು. ಕಾದಂತೆಲ್ಲ ಪಾಯಿಂಟುಗಳ ನಡುವೆ ನೀಲಿ ಕಿಡಿ ದಪ್ಪವಾಗುತ್ತ ಹೋಯಿತು. ದೋಷ ಕಂಡೆನ್ಸರಿನದು. ಅದನ್ನು ಬದಲಿಸಿದರು, ಗಾಡಿ ಓಡಿತು. ಪಿಸ್ಟನ್ನಿನ ಹಣ ಹಿಂದಕ್ಕೆ ಬರಲಿಲ್ಲ.

ಇದರ ಮರ್ಮ ಸರಳವಾದುದು. ಪಾಯಿಂಟು ಮುಚ್ಚಿದಾಗ ಬ್ಯಾಟರಿಯ 6 ವೋಲ್ಟು ಕಾಯಿಲಿನಲ್ಲಿ ಹರಿದು ಕಾಂತಶಕ್ತಿ ತುಂಬುತ್ತದೆ. ಪಾಯಿಂಟು ತೆರೆದ ಕ್ಷಣ ಆ ಶಕ್ತಿ ಕುಸಿದು, ಎರಡನೆಯ ಸುತ್ತಿನ ತಂತಿಯಲ್ಲಿ ಸಾವಿರಾರು ವೋಲ್ಟು ಹುಟ್ಟಿ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಹರಿವು ಥಟ್ಟನೆ ಕಡಿದರೆ ಮಾತ್ರ ಕಿಡಿಗೆ ಬಲ. ಕಂಡೆನ್ಸರಿನ ಕೆಲಸ ಅದೇ: ಕಡಿಯುವಾಗ ಚಿಮ್ಮುವ ವಿದ್ಯುತ್ತನ್ನು ತಾನು ನುಂಗಿಕೊಳ್ಳುವುದು. ಅದು ಸತ್ತರೆ ಕಿಡಿ ಪ್ಲಗ್ಗಿನ ಬದಲು ಪಾಯಿಂಟಿನಲ್ಲೇ ಹಾರಿ ಅವು ಸುಟ್ಟು ಹೊಂಡ ಬೀಳುತ್ತವೆ. ಕಾದಾಗ ಮಾತ್ರ ಕೆಡುವ ಕಾಯಿಲೂ ಇದೇ ಲಕ್ಷಣ ತೋರಿಸುವುದುಂಟು. ಆದರೆ ಆಗ ಪಾಯಿಂಟಿನಲ್ಲಿ ಅತಿಯಾದ ಕಿಡಿ ಇರುವುದಿಲ್ಲ, ಪ್ಲಗ್ಗಿನ ಕಿಡಿ ಮಾತ್ರ ಬಡವಾಗಿರುತ್ತದೆ.

ಮನೆಯಲ್ಲೇ ಪರೀಕ್ಷಿಸುವವರು ಕೀಲಿ ಹಾಕಿದಾಗ ಕೆಂಪು ದೀಪ ಉರಿಯುತ್ತದೆಯೇ ನೋಡಬೇಕು. ಉರಿಯದಿದ್ದರೆ ಬ್ಯಾಟರಿ, ಫ್ಯೂಸು ಮತ್ತು ತಂತಿಯ ತುದಿಗಳನ್ನು ನೋಡತಕ್ಕದ್ದು. ಮೈಲುತುತ್ತ ಸಾಗಿಸುವ ಗಾಡಿಗಳಲ್ಲಿ ತುದಿಗಳು ತಿಂದುಹೋಗಿರುವುದು ಸಾಮಾನ್ಯ. ಔಷಧಿಯ ದಿನ ಸಂಜೆ ಗಾಡಿಗೆ ನೀರು ಹಾಕಿ ಒರೆಸದವರು ಇದನ್ನು ಗಮನಿಸಬೇಕು. ನಂತರ ಪ್ಲಗ್ಗನ್ನು ಬಿಚ್ಚಿ, ಅದರ ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆಯಿರಿ. ಪೆಟ್ರೋಲು ಸೋರಿದ್ದರೆ ಒರೆಸಿದ ಮೇಲೆಯೇ ಈ ಕೆಲಸ. ಚಟ್ಟೆಂದು ನೀಲಿ ಕಿಡಿ ಬಂದರೆ ಸರಿ. ಹಳದಿಯಾಗಿ ಸಣ್ಣಗೆ ಬಂದರೆ ಮುಂದೆ ಹುಡುಕಬೇಕು.

ಹುಡುಕಲು 6 ವೋಲ್ಟಿನ ಒಂದು ಬಲ್ಬು, ಎರಡು ತುಂಡು ತಂತಿ ಸಾಕು. ಕಾಯಿಲಿನಿಂದ ಪಾಯಿಂಟಿಗೆ ಹೋಗುವ ತಂತಿಯ ತುದಿಗೆ ಬಲ್ಬಿನ ಒಂದು ತಂತಿ, ಇಂಜಿನಿನ ಮೈಗೆ ಇನ್ನೊಂದು. ಕೀಲಿ ಹಾಕಿ ಕಿಕ್ಕನ್ನು ನಿಧಾನವಾಗಿ ಒತ್ತಿದರೆ, ಪಾಯಿಂಟು ತೆರೆದಾಗ ಬಲ್ಬು ಉರಿದು ಮುಚ್ಚಿದಾಗ ಆರಬೇಕು. ಸದಾ ಉರಿಯುತ್ತಿದ್ದರೆ ಪಾಯಿಂಟು ಕೂಡುತ್ತಿಲ್ಲ, ಇಲ್ಲವೇ ಎಣ್ಣೆ ಕುಳಿತಿದೆ. ಉರಿಯದೇ ಇದ್ದರೆ ಕಂಡೆನ್ಸರಿನ ತಂತಿ ಬಿಡಿಸಿ ನೋಡಿ. ಈಗ ಉರಿದರೆ ಕಂಡೆನ್ಸರು ಒಳಗೇ ಶಾರ್ಟ್ ಆಗಿದೆಯೆಂದು ಅರ್ಥ. ಆಗಲೂ ಉರಿಯದಿದ್ದರೆ ಕಾಯಿಲಿಗೆ ವಿದ್ಯುತ್ತು ಬರುತ್ತಿದೆಯೇ, ತಂತಿ ಎಲ್ಲಾದರೂ ಮೈಗೆ ತಾಗುತ್ತಿದೆಯೇ ನೋಡಬೇಕು.

ಹೊಸ ಪಾಯಿಂಟು ಹಾಕುವಾಗ ಅದರ ಮೇಲಿನ ಎಣ್ಣೆಯ ಪೊರೆಯನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸತಕ್ಕದ್ದು. ಪೂರ್ಣ ತೆರೆದಾಗ ಅಂತರ 0.4 ಮಿಲಿಮೀಟರು, ಪ್ಲಗ್ಗಿಗೆ 0.6 ಇರಲಿ. ಮೊದಲು ಅಂತರ, ಅನಂತರ ಟೈಮಿಂಗು. ಏಕೆಂದರೆ ಅಂತರ ಹೆಚ್ಚಾದರೆ ಪಾಯಿಂಟು ಬೇಗ ತೆರೆದು ಟೈಮಿಂಗೂ ಮುಂದಕ್ಕೆ ಹೋಗುತ್ತದೆ. ಅಂದಾಜಿನಲ್ಲಿ ಕೂರಿಸಿದರೆ ಕಿಕ್ಕು ತಿರುಗಿ ಹೊಡೆದು ಪಾದಕ್ಕೆ ಪೆಟ್ಟಾಗುವುದುಂಟು. ಮರಳು ಕಾಗದದಿಂದ ಪಾಯಿಂಟು ಉಜ್ಜುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಹರಳು ಸಿಕ್ಕಿಕೊಳ್ಳುತ್ತದೆ. ಸಣ್ಣ ಅರ ವಾಸಿ. ಬದಲಿಸಿ ಸ್ವಲ್ಪ ದಿನದಲ್ಲೇ ಪಾಯಿಂಟಿಗೆ ಮತ್ತೆ ಎಣ್ಣೆ ಬಂದರೆ ಹಿಂದಿರುವ ಆಯಿಲ್ ಸೀಲು ನೋಡಿಸಿ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರು ಗಾಡಿ 6 ವೋಲ್ಟಿನದೆಂದು ಬಾಯಿಬಿಟ್ಟು ಹೇಳಿ. 12 ವೋಲ್ಟಿನ ಕಾಯಿಲು ಕೂರುತ್ತದೆ, ಕಿಡಿ ಮಾತ್ರ ಸೊರಗುತ್ತದೆ. ಕಂಡೆನ್ಸರು ಎರಡು ತನ್ನಿ, ಒಂದು ಪೆಟ್ಟಿಗೆಯಲ್ಲಿರಲಿ. ಈಗ ಬರುವ ಮಾಲಿನಲ್ಲಿ ಹೊಸದೂ ಕೆಟ್ಟಿರುವುದುಂಟು. ಬಾಗಲಗುಂಟೆಯವರು ಅದನ್ನು ಇಂಜಿನಿನ ಕಾವಿನಿಂದ ತಪ್ಪಿಸಿ ಟ್ಯಾಂಕಿನ ಕೆಳಗೆ, ಬಣ್ಣ ಕೆರೆದ ಲೋಹಕ್ಕೆ ಬಿಗಿದುಕೊಟ್ಟಿದ್ದಾರೆ. ಈ ಉಪಾಯ ಚೆನ್ನಾಗಿದೆ.

ಪಾಯಿಂಟುಳ್ಳ ಹಳೆಯ ಸ್ಪ್ರೇಯರು ಇಂಜಿನುಗಳಲ್ಲಿ ಬ್ಯಾಟರಿಯ ಬದಲು ಮ್ಯಾಗ್ನೆಟೊ ಇರುತ್ತದೆ. ಪಾಯಿಂಟು, ಕಂಡೆನ್ಸರುಗಳ ರೋಗ ಅಲ್ಲಿಯೂ ಇದೇ. ಫೀಲರ್ ಗೇಜು ಒಂದನ್ನು ಸಂಘದ ಕಚೇರಿಯಲ್ಲಿ ಇರಿಸಲಾಗಿದೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಮೂರು ದಿನದೊಳಗೆ, ಎಣ್ಣೆ ಒರೆಸಿ, ಹಿಂತಿರುಗಿಸತಕ್ಕದ್ದು.