ಭತ್ತದ ಪೈರನ್ನು ಕೆಡಿಸುವ ಪತಂಗಗಳು

ಭಟ್ಕಳ ತಾಲ್ಲೂಕಿನ ಕಾಯ್ಕಿಣಿ ಮೊದಲಾದ ಕರಾವಳಿಯ ಗ್ರಾಮಗಳಲ್ಲಿ ಭತ್ತವು ತೆನೆಬಿಡುವ ಕಾಲಕ್ಕೆ ಕೆಲವು ತೆನೆಗಳು ಕಾಳುಕಟ್ಟದೆ ಬೆಳ್ಳಗಾಗಿ ನೆಟ್ಟಗೆ ನಿಲ್ಲುವುದುಂಟು. ಇದನ್ನು ಮಳೆಯ ದೋಷವೆಂದೋ ಗಾಳಿಯ ದೋಷವೆಂದೋ ಭಾವಿಸುವವರಿದ್ದಾರೆ. ಅಂತಹ ತೆನೆಯನ್ನು ಹಿಡಿದೆಳೆದರೆ ಸುಲಭವಾಗಿ ಕಿತ್ತುಬರುವುದು. ದಂಟನ್ನು ಸೀಳಿದರೆ ಒಳಗೆ ಕೊರೆದ ಗುರುತು, ಹಲವು ವೇಳೆ ಹುಳುವೂ ಕಾಣುವುದು. ಆ ಹುಳುವು ಪತಂಗವೊಂದರ ಮರಿಯಾಗಿರುವುದು. ತೆನೆಯು ಬಿಳುಪಾದ ಮೇಲೆ ಮಾಡತಕ್ಕ ಉಪಾಯವೇನೂ ಉಳಿಯದು. ಆದುದರಿಂದ ಪತಂಗವನ್ನೇ ಗುರುತಿಸಲು ಕಲಿಯತಕ್ಕದ್ದು.

ಚಿಟ್ಟೆಗಳೂ ಪತಂಗಗಳೂ ಒಂದೇ ವರ್ಗಕ್ಕೆ ಸೇರಿದವು. ಎರಡರ ರೆಕ್ಕೆಗಳ ಮೇಲೂ ಧೂಳಿನಂತೆ ಕೈಗಂಟುವ ಸೂಕ್ಷ್ಮವಾದ ಹುರುಪೆಗಳಿರುತ್ತವೆ. ಚಿಟ್ಟೆಯ ಮೀಸೆಯ ತುದಿಯು ದಪ್ಪನಾಗಿರುವುದು. ಪತಂಗದ ಮೀಸೆಯು ಸಾಮಾನ್ಯವಾಗಿ ನೂಲಿನಂತೆ ಇಲ್ಲವೆ ಗರಿಯಂತೆ ಇರುವುದು. ಭತ್ತವನ್ನು ಕಾಡುವ ಪತಂಗಗಳಲ್ಲಿ ಮೂರು ಮುಖ್ಯವಾದವು ಕ್ರಾಂಬಿಡೇ ಎಂಬ ಕುಟುಂಬದವು. ಸರ್ ಜಾರ್ಜ್ ಹ್ಯಾಂಪ್ಸನ್ನರು 1896ರಲ್ಲಿ ಹಿಂದೂಸ್ಥಾನದ ಪತಂಗಗಳನ್ನು ವಿವರಿಸಿದ ಗ್ರಂಥದ ಕೊನೆಯ ಸಂಪುಟದಲ್ಲಿ ಇಂತಹವನ್ನು ಪೈರಾಲಿಡೇ ಕುಟುಂಬದೊಳಗೆ ಇರಿಸಿದ್ದರು. ಆಮೇಲೆ ಶಾಸ್ತ್ರಜ್ಞರು ಕಿವಿಯ ರಚನೆಯಲ್ಲಿನ ಭೇದವನ್ನು ಕಂಡು ಇವನ್ನು ಬೇರ್ಪಡಿಸಿದರು. ಈ ಪತಂಗಗಳ ಕಿವಿಯು ತಲೆಯಲ್ಲಿರದೆ ಹೊಟ್ಟೆಯ ಬುಡದಲ್ಲಿರುವುದೆಂಬುದು ಓದುಗರಿಗೆ ವಿಚಿತ್ರವೆನಿಸಬಹುದು.

ಮೂವರಲ್ಲಿ ಹೆಚ್ಚು ಕೇಡಿಗನು ಹಳದಿ ಕಾಂಡಕೊರಕ. ಹೆಣ್ಣು ಪತಂಗವು ಒಣಹುಲ್ಲಿನಂತೆ ಹಳದಿಯಾಗಿದ್ದು, ಮುಂದಿನ ರೆಕ್ಕೆಯೊಂದೊಂದರ ನಡುವೆ ಒಂದು ಕಪ್ಪು ಚುಕ್ಕೆಯನ್ನು ಹೊಂದಿರುವುದು. ಹೊಟ್ಟೆಯ ತುದಿಯಲ್ಲಿ ರೋಮಗಳ ಕುಚ್ಚು ಇರುವುದು. ಗಂಡು ಚಿಕ್ಕದು, ಬಣ್ಣ ಮಾಸಿದ್ದು, ಅದರ ಚುಕ್ಕೆಯೂ ಸ್ಪಷ್ಟವಿಲ್ಲ. ಹೀಗಾಗಿ ಎರಡನ್ನೂ ಬೇರೆ ಬೇರೆ ಜಾತಿಯೆಂದು ಎಣಿಸುವ ತಪ್ಪು ಸಹಜವೇ. ಹೆಣ್ಣು ಎಲೆಯ ತುದಿಯ ಬಳಿ ಗುಂಪಾಗಿ ಮೊಟ್ಟೆಯಿಟ್ಟು, ತನ್ನ ಕುಚ್ಚಿನ ರೋಮಗಳಿಂದಲೇ ಅವನ್ನು ಮುಚ್ಚುವುದು. ಸುಮಾರು ಒಂದು ವಾರದಲ್ಲಿ ಹೊರಬರುವ ಮರಿಗಳು ದಂಟಿನೊಳಗೆ ಸೇರುತ್ತವೆ. ಎಳೆಯ ಪೈರಿನಲ್ಲಿ ನಡುವಿನ ಸುಳಿ ಒಣಗುವುದಕ್ಕೂ, ಬಲಿತ ಪೈರಿನಲ್ಲಿ ತೆನೆ ಜೊಳ್ಳಾಗುವುದಕ್ಕೂ ಈ ಒಂದೇ ಹುಳು ಕಾರಣ.

ಎಲೆ ಮಡಿಚುವ ಪತಂಗವು ಕಂದು ಮಿಶ್ರಿತ ಹಳದಿ. ರೆಕ್ಕೆಗಳ ಮೇಲೆ ಕಪ್ಪು ಅಲೆಗೆರೆಗಳೂ ಅಂಚಿನಲ್ಲಿ ಕಪ್ಪು ಪಟ್ಟಿಯೂ ಇರುತ್ತವೆ. ಇದರ ಮರಿಯು ಎಲೆಯನ್ನು ಉದ್ದಕ್ಕೆ ಮಡಿಚಿ ಒಳಗಿನಿಂದ ಹಸುರನ್ನು ಕೆರೆಯುವುದು. ಮೂರನೆಯದಾದ ಕೊಳವೆಹುಳುವಿನ ಪತಂಗವು ಬೆಳ್ಳಗಿದ್ದು ಕಂದು ಚುಕ್ಕೆಗಳಿಂದ ಕೂಡಿರುವುದು. ಮರಿಯು ಎಲೆಯ ತುದಿಯನ್ನು ಕತ್ತರಿಸಿ ಕೊಳವೆಮಾಡಿಕೊಂಡು ಅದರೊಳಗಿದ್ದು ನೀರಿನ ಮೇಲೆ ತೇಲುವುದು. ಮೈಯ ಪಕ್ಕಗಳಲ್ಲಿ ಎಳೆಯಂತಹ ಕಿವಿರುಗಳಿರುವುದರಿಂದ ನೀರಿನಲ್ಲೂ ಉಸಿರಾಡಬಲ್ಲುದು.

ಭೇದವನ್ನರಿತರೆ ಉಪಾಯವೂ ಭಿನ್ನವಾಗುವುದು. ಕೊಳವೆಹುಳು ಕಂಡ ಗದ್ದೆಯಲ್ಲಿ ಪೈರಿನ ಮೇಲೆ ಹಗ್ಗವನ್ನೆಳೆದು ಕೊಳವೆಗಳನ್ನು ಬೀಳಿಸಿ, ನೀರನ್ನು ಬಸಿದು ಬಿಡತಕ್ಕದ್ದು. ಕಾಂಡಕೊರಕನಿಗೆ ಅದರಿಂದ ಏನೂ ಆಗದು. ಅದಕ್ಕಾಗಿ ನೆಡುವ ಮುನ್ನವೇ ಸಸಿಗಳ ತುದಿಯನ್ನು ಕತ್ತರಿಸಿ, ಮೊಟ್ಟೆಗಳಿದ್ದ ತುದಿಗಳನ್ನು ನಾಶಮಾಡಬೇಕು. ಕೊಯ್ಲಾದೊಡನೆ ಕೂಳೆಯನ್ನು ಉತ್ತು ಒಳಗಿನ ಹುಳುಗಳನ್ನು ಹೊರಗೆಡಹಬೇಕು. ಒಂದೇ ಬಯಲಿನಲ್ಲಿ ಒಬ್ಬರು ಉತ್ತು ನೆರೆಯವರು ಕೂಳೆಯನ್ನು ಹಾಗೆಯೇ ಬಿಟ್ಟರೆ ಶ್ರಮವು ವ್ಯರ್ಥ. ಗ್ರಾಮದ ಮುಖಂಡರು ಬಯಲಿನ ಎಲ್ಲ ಜಮೀನುದಾರರನ್ನೂ ಕೂಡಿಸಿ ಈ ಕೆಲಸವನ್ನು ಒಂದೇ ವಾರದೊಳಗೆ ಮುಗಿಸುವಂತೆ ಏರ್ಪಡಿಸತಕ್ಕದ್ದು.