ನೂರೆಪ್ಪತ್ತೈದರಲ್ಲಿ ಒಂದು ಪಾಲು

1841ರ ಜನವರಿ 3ರಂದು ಅಮೆರಿಕದ ಫೇರ್‌ಹೇವನ್ ಬಂದರಿನಿಂದ ‘ಅಕುಷ್ನೆಟ್’ ಎಂಬ ಹೊಸ ಹಾಯಿಹಡಗು ತಿಮಿಂಗಿಲ ಬೇಟೆಗೆ ಹೊರಟಿತು. ಅದನ್ನು ಹತ್ತಿದವರಲ್ಲಿ ಇಪ್ಪತ್ತೊಂದು ವರ್ಷದ ಹರ್ಮನ್ ಮೆಲ್ವಿಲ್ ಒಬ್ಬ. ‘ಮೊಬಿ ಡಿಕ್’ ಬರೆದು ಹೆಸರಾದದ್ದು ಆಮೇಲಿನ ಮಾತು. ಆಗ ಅವನು ಬೇಟೆಯ ಕೆಲಸ ತಿಳಿಯದ ಹೊಸಬ. ಈ ಹಡಗುಗಳಲ್ಲಿ ತಿಂಗಳ ಸಂಬಳವೆಂಬುದು ಇರಲಿಲ್ಲ. ಸಿಕ್ಕಿದ ಎಣ್ಣೆಯ ಗಳಿಕೆಯಲ್ಲಿ ಪಾಲು ಕೊಡುತ್ತಿದ್ದರು. ಮೆಲ್ವಿಲ್‌ಗೆ ಗೊತ್ತಾದದ್ದು 175ರಲ್ಲಿ ಒಂದು ಪಾಲು.

ಅಷ್ಟಕ್ಕಾಗಿ ಒಬ್ಬ ಖಲಾಸಿ ಮೂರು ನಾಲ್ಕು ವರ್ಷ ಮನೆ ಬಿಟ್ಟಿರುತ್ತಿದ್ದ. ಕಪ್ತಾನ, ಅಧಿಕಾರಿಗಳಿಗೆ ಹಿಂಬದಿಯ ಕೋಣೆಗಳು. ಖಲಾಸಿಗಳಿಗೆ ಮುಂತುದಿಯಲ್ಲಿ, ಡೆಕ್ಕಿನ ಕೆಳಗೆ, ಗಾಳಿ ಬೆಳಕು ಸಾಲದ ಇಕ್ಕಟ್ಟಾದ ಗೂಡು. ಗೋಡೆಗೆ ಅಂಟಿದ ಮರದ ಹಾಸುಗಳು, ಬಟ್ಟೆಬರೆಗೆ ಒಂದು ಪೆಟ್ಟಿಗೆ. ಊಟಕ್ಕೆ ಉಪ್ಪಿನಲ್ಲಿಟ್ಟ ಮಾಂಸ ಮತ್ತು ಕಲ್ಲಿನಂಥ ಬಿಸ್ಕತ್ತು. ಕುಡಿಯಲು ಕಾಕಂಬಿ ಬೆರೆಸಿದ ಚಹಾ ಅಥವಾ ಕಾಫಿ.

ಹಗಲಿಡೀ ಯಾರಾದರೂ ಹಾಯಿಗಂಬದ ತುದಿಯಲ್ಲಿ ನಿಂತು ಕಡಲನ್ನು ನೋಡುತ್ತಿರಬೇಕು, ಎರಡು ಗಂಟೆಗೊಮ್ಮೆ ಪಾಳಿ. ವಾರಗಟ್ಟಲೆ ಏನೂ ಕಾಣದೆ ಹೋಗುವುದೂ ಉಂಟು. ದೂರದಲ್ಲಿ ತಿಮಿಂಗಿಲದ ಉಸಿರು ಕಾರಂಜಿಯಂತೆ ಚಿಮ್ಮಿತೋ, ಕೂಗು ಬೀಳುತ್ತಿತ್ತು, ದೋಣಿಗಳು ನೀರಿಗಿಳಿಯುತ್ತಿದ್ದವು. ಒಂದೊಂದರಲ್ಲಿ ಆರು ಜನ. ಹುಟ್ಟು ಹಾಕುವವರು ತಿಮಿಂಗಿಲಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ಸಾವು ಎಷ್ಟು ಹತ್ತಿರ ಬಂತೆಂದು ಅವರು ಅರಿಯಬೇಕಾದದ್ದು ಮುಂದೆ ನಿಂತ ಅಧಿಕಾರಿಯ ಮುಖ ನೋಡಿ. ಈಟಿ ನಾಟಿದೊಡನೆ ಹಗ್ಗ ಎಷ್ಟು ರಭಸದಿಂದ ಬಿಚ್ಚಿಕೊಳ್ಳುತ್ತಿತ್ತೆಂದರೆ, ಅದು ಸುತ್ತಿದ್ದ ಮರದ ಗೂಟ ಹೊತ್ತಿಕೊಳ್ಳದಂತೆ ನೀರು ಸುರಿಯಬೇಕಿತ್ತು. ಹಗ್ಗದ ಸುರುಳಿಗೆ ಕೈಕಾಲು ಸಿಕ್ಕಿದವನ ಗತಿ ಮುಗಿದಂತೆಯೇ.

ಕೊಂದ ಮೇಲೆ ನಿಜವಾದ ದುಡಿಮೆ. ಹಡಗಿನ ಮಗ್ಗುಲಿಗೆ ಕಟ್ಟಿದ ದೇಹದಿಂದ ಕೊಬ್ಬನ್ನು ಪಟ್ಟಿಪಟ್ಟಿಯಾಗಿ ಸುಲಿದು, ಡೆಕ್ಕಿನ ಮೇಲೆ ಇಟ್ಟಿಗೆಯಲ್ಲಿ ಕಟ್ಟಿದ ಒಲೆಯ ಕೊಪ್ಪರಿಗೆಗಳಲ್ಲಿ ಕಾಯಿಸುತ್ತಿದ್ದರು. ಮರದ ಹಡಗಿನ ಮೇಲೆ ಬೆಂಕಿ! ಡೆಕ್ ಸುಡದಿರಲೆಂದು ಒಲೆಯಡಿ ನೀರು ನಿಲ್ಲಿಸುತ್ತಿದ್ದರು. ಎಣ್ಣೆ ಬಿಟ್ಟ ಕೊಬ್ಬಿನ ಚರಟವೇ ಮುಂದಿನ ಸೌದೆ. ಹಗಲು ರಾತ್ರಿ ಈ ಕೆಲಸ ನಿಲ್ಲುತ್ತಿರಲಿಲ್ಲ. ಮೈ, ಬಟ್ಟೆ, ಅನ್ನಕ್ಕೆಲ್ಲ ಅದೇ ಕಮಟು ಹೊಗೆ. ಹೀಗೆ ತುಂಬಿದ ಪೀಪಾಯಿಗಳ ಎಣ್ಣೆಯಿಂದ ಪಟ್ಟಣಗಳ ದೀಪಗಳು ಉರಿದವು, ಗಿರಣಿಯ ಯಂತ್ರಗಳು ತಿರುಗಿದವು.

ಈಗ ಲೆಕ್ಕಕ್ಕೆ ಬರೋಣ. ಒಂದು ಯಾನದ ಗಳಿಕೆ 35,000 ಡಾಲರ್ ಎಂದಿಟ್ಟುಕೊಳ್ಳಿ. 175ರಲ್ಲಿ ಒಂದು ಪಾಲು ಎಂದರೆ 200 ಡಾಲರ್, ಅದೂ ಮೂರು ನಾಲ್ಕು ವರ್ಷದ ದುಡಿಮೆಗೆ. ಅದರಲ್ಲೇ ಹೊರಡುವಾಗ ಪಡೆದ ಮುಂಗಡ ಮುರಿದುಕೊಳ್ಳುತ್ತಿದ್ದರು. ಹಡಗಿನ ಉಗ್ರಾಣದಿಂದ ದುಬಾರಿ ದರಕ್ಕೆ ಕೊಂಡ ಅಂಗಿ, ಹೊಗೆಸೊಪ್ಪು, ಚೂರಿಗಳ ಬೆಲೆಯನ್ನೂ ಮುರಿಯುತ್ತಿದ್ದರು. ಬರಿಗೈಯಲ್ಲಿ ಇಳಿದವರು, ಸಾಲ ಹೊತ್ತು ಇಳಿದವರು ಕಡಿಮೆಯಿಲ್ಲ. ಸಾಲ ತೀರಿಸಲು ಮತ್ತೆ ಹಡಗೇ ಗತಿ.

ದಾರಿಯಲ್ಲಿ ಓಡಿಹೋಗುವವರು ಅನೇಕರಿದ್ದರು. ಅವರನ್ನು ಹೇಡಿಗಳೆನ್ನುವುದು ಅನ್ಯಾಯ. ಮೆಲ್ವಿಲ್ ಕೂಡ ಪಾಲಿನ ಆಸೆ ಬಿಟ್ಟು, ಹದಿನೆಂಟು ತಿಂಗಳಾದ ಮೇಲೆ, 1842ರ ಜುಲೈಯಲ್ಲಿ ಪೆಸಿಫಿಕ್ ಸಾಗರದ ನುಕು ಹಿವಾ ದ್ವೀಪದಲ್ಲಿ ಹಡಗಿನಿಂದ ಪರಾರಿಯಾದ.