ಎತ್ತರದ ಮರಕ್ಕೆ ಹುಳುವೇ ವೈದ್ಯ

ಊಟಿಗೆ ಹೋದವರು ಸರೋವರವನ್ನೂ ಸಸ್ಯೋದ್ಯಾನವನ್ನೂ ನೋಡಿ ಮರಳುತ್ತಾರೆ. ಗುಡ್ಡಗಳನ್ನು ಆವರಿಸಿರುವ ವ್ಯಾಟಲ್ ಮರಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಆಸ್ಟ್ರೇಲಿಯಾ ಮೂಲದ ಈ ಮರವನ್ನು ಸೌದೆಗಾಗಿ, ಚರ್ಮ ಹದಮಾಡುವ ತೊಗಟೆಗಾಗಿ ಅಲ್ಲಿ ಬೆಳೆಸಿದರು. 1920ರ ದಶಕದಲ್ಲಿ ಅದರ ಶತ್ರುವೂ ಅಲ್ಲಿ ಕಾಣಿಸಿಕೊಂಡಿತು. ಬೆನ್ನಿಗೆ ಹತ್ತಿಯಂಥ ಬಿಳಿ ಮೊಟ್ಟೆಚೀಲ ಅಂಟಿಸಿಕೊಂಡು ರೆಂಬೆಗಳ ರಸ ಹೀರುವ ಶಲ್ಕಕೀಟವದು. ಎಲೆ ಹಳದಿಯಾಗಿ ಕೊಂಬೆಗಳು ಒಣಗತೊಡಗಿದವು.

ಇದೇ ಕೀಟ ಹಿಂದೆ ಅಮೆರಿಕದ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಕಂಗೆಡಿಸಿತ್ತು. 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬವರು ಆಸ್ಟ್ರೇಲಿಯಾಕ್ಕೆ ಹೋಗಿ ಅದನ್ನು ತಿನ್ನುವ ವೆಡಾಲಿಯ ಎಂಬ ಗುಲಗಂಜಿ ಹುಳುವನ್ನು ಹುಡುಕಿ ಕಳುಹಿಸಿದರು. ಮೊದಲ ಕಂತುಗಳಲ್ಲಿ ಬಂದವು 129 ಹುಳುಗಳು ಮಾತ್ರ. ಎರಡೇ ವರ್ಷಗಳೊಳಗೆ ತೋಟಗಳು ಚೇತರಿಸಿಕೊಂಡವು! 1930ರ ಆಸುಪಾಸಿನಲ್ಲಿ ಈ ಹುಳುವನ್ನು ನೀಲಗಿರಿಗೂ ತರಿಸಿ ಬಿಟ್ಟರು. ಶಲ್ಕಕೀಟದ ಹಾವಳಿ ಇಳಿಯಿತು. 1940ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಡಿ.ಡಿ.ಟಿ. ಹೊಡೆದಾಗ ಮೊದಲು ಸತ್ತದ್ದು ಗುಲಗಂಜಿ ಹುಳು. ಶಲ್ಕಕೀಟ ಮತ್ತೆ ತಲೆಯೆತ್ತಿತು.

ಎತ್ತರದ ಮರಕ್ಕೆ ವಿಷ ಹೊಡೆಯುವುದೆಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೇರುಮರದ ಚಿಗುರಿನ ರಸ ಹೀರುವುದು ಚಹಾ ಸೊಳ್ಳೆ. ಹೆಸರಿಗೆ ಸೊಳ್ಳೆ, ಜಾತಿಯಲ್ಲಿ ತಿಗಣೆ. ಅದನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ವಿಷ ಗೇರುಮರಕ್ಕಷ್ಟೇ ಬೀಳಲಿಲ್ಲ, ಎಣ್ಮಕಜೆಯ ಪಡ್ರೆ, ಸ್ವರ್ಗಗಳ ತೋಡಿಗೂ ಅಂಗಳಕ್ಕೂ ಬಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಸಿಗೆಯಲ್ಲೇ ಬೆಳೆದಿದ್ದರು.

ಹಾಗಾದರೆ ಗೂಡಲೂರಿನ ಕಾಫಿ ತೋಟದ ನೆರಳಿನ ಮರಕ್ಕೋ ನಮ್ಮ ಅಂಗಳದ ಮಾವಿಗೋ ಹಿಟ್ಟು ತಿಗಣೆ, ಶಲ್ಕಕೀಟ ಹತ್ತಿದರೆ ಕೈಕಟ್ಟಿ ಕೂರಬೇಕೇ? ಬೇಡ. ಮೊದಲು ನೋಡಬೇಕಾದ್ದು ಇರುವೆಗಳನ್ನು. ಈ ಕೀಟಗಳು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವುಗಳನ್ನು ದನ ಸಾಕಿದಂತೆ ಸಾಕುತ್ತವೆ, ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ಕಾಂಡಕ್ಕೆ ಬಟ್ಟೆ ಸುತ್ತಿ, ಅದರ ಮೇಲೆ ಗ್ರೀಸ್ ಹಚ್ಚಿದರೆ ಇರುವೆಯ ದಾರಿ ಕಟ್ಟಾಗುತ್ತದೆ. ತೊಗಟೆಗೇ ಗ್ರೀಸ್ ಬಳಿಯಬಾರದು. ಪಕ್ಕದ ಮರಕ್ಕೋ ಮಾಡಿಗೋ ತಾಗಿದ ಗೆಲ್ಲುಗಳನ್ನೂ ಸವರಬೇಕು, ಇಲ್ಲವಾದರೆ ಇರುವೆ ಆ ದಾರಿಯಿಂದ ಬರುತ್ತದೆ. ಕೈಗೆಟಕುವ ಕೊಂಬೆಗಳಲ್ಲಿ ಕೀಟ ತುಂಬಿದ್ದರೆ ಕಡಿದು ಸುಡಬಹುದು. ಎಲೆಯ ಮೇಲಿನ ಕಪ್ಪು ಬೂಷ್ಟಿಗೆ ಹೆದರಬೇಕಾಗಿಲ್ಲ. ಅದು ಅಂಟಿನ ಮೇಲೆ ಬೆಳೆಯುವಂಥದ್ದು, ಕೀಟ ಹೋದರೆ ಕ್ರಮೇಣ ಅದೂ ಹೋಗುತ್ತದೆ.

ಇನ್ನೊಂದು ಮಾತು. ಹಿಟ್ಟು ತಿಗಣೆಗಳ ನಡುವೆ ಅವುಗಳಂತೆಯೇ ಬಿಳಿ ಮೇಣ ಹೊದ್ದ, ಆದರೆ ಗಾತ್ರದಲ್ಲಿ ದೊಡ್ಡದಾದ, ಚುರುಕಾಗಿ ಓಡಾಡುವ ಮರಿಹುಳು ಕಾಣಸಿಗುವುದುಂಟು. ಅದೂ ತಿಗಣೆಯೇ ಎಂದು ಹೊಸಕಿ ಹಾಕುವವರಿದ್ದಾರೆ. ಅದು 1898ರಲ್ಲಿ ಕಾಫಿಯ ಹಸಿರು ಶಲ್ಕಕೀಟದ ವಿರುದ್ಧ ದಕ್ಷಿಣ ಭಾರತಕ್ಕೆ ತರಿಸಿದ ಮತ್ತೊಂದು ಗುಲಗಂಜಿಯ ಮರಿಯಾಗಿರಬಹುದು. ತಿಗಣೆಗಳನ್ನು ತಿನ್ನಲೆಂದೇ ಅದು ಅಲ್ಲಿರುವುದು.